ಶಿಶುವಿಹಾರವನ್ನು ಹುಡುಕುತ್ತ

ಪ್ರವಾಸಲೇಖನವೆಂದರೆ ಕಾಶಿಯನ್ನೋ ಬದರಿಯನ್ನೋ ಕಂಡು ಬಂದವರು ಬರೆಯತಕ್ಕದ್ದೆಂದು ವಾಚಕರು ಭಾವಿಸಬಹುದು. ನಾವು ಈಚೆಗೆ ಕೈಗೊಂಡ ಪ್ರಯಾಣವು ಬೆಂಗಳೂರಿನ ಜಯನಗರದಿಂದ ತಾವರೆಕೆರೆಯವರೆಗಿನದು; ಹೋಗಿಬರಲು ಅರ್ಧ ದಿನವೂ ಹಿಡಿಯಲಿಲ್ಲ. ಆದರೂ ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾವು ಕಲಿಯದೆ ಉಳಿದಿದ್ದ ಒಂದು ಪಾಠವನ್ನು ಆ ಅರ್ಧ ದಿನದಲ್ಲಿ ಕಲಿತು ಬಂದೆವು. ಎಳೆಯ ಮಕ್ಕಳಿರುವ ಮನೆಗಳಿಗೆ ಅದು ಉಪಯೋಗಕ್ಕೆ ಬಂದೀತೆಂಬ ನಂಬಿಕೆಯಿಂದ ಇಲ್ಲಿ ನಿವೇದಿಸುತ್ತೇವೆ.

ನಾವು ಹುಟ್ಟಿದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಕಡೆ. ಮನೆಮಾತು ತೆಲುಗು, ಓದಿದ್ದು ಸಂಸ್ಕೃತ, ಅನ್ನ ಕೊಟ್ಟದ್ದು ಕನ್ನಡ. ನಿವೃತ್ತರಾದ ಮೇಲೆ ಜಯನಗರದಲ್ಲಿ ಮಗನ ಸಂಸಾರದೊಡನೆ ಇದ್ದೇವೆ. ಸೊಸೆ ಬಂಗಾಳದ ಹೆಣ್ಣುಮಗಳು. ಹೀಗಾಗಿ ಎರಡೂ ಮುಕ್ಕಾಲು ವರ್ಷದ ನಮ್ಮ ಮೊಮ್ಮಗಳು ಅಜ್ಜಿಯೊಡನೆ ತೆಲುಗನ್ನೂ ನಮ್ಮೊಡನೆ ಕನ್ನಡವನ್ನೂ ತಾಯಿಯೊಡನೆ ಬಂಗಾಳಿಯನ್ನೂ ಆಡುತ್ತ, ಕೆಲವು ವೇಳೆ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಉಣಬಡಿಸುತ್ತ, ಮನೆಯನ್ನೆಲ್ಲ ತುಂಬಿಕೊಂಡಿದ್ದಳು. ಮಗನೂ ಸೊಸೆಯೂ ಕಛೇರಿಗೆ ಹೋಗುವವರು. ನಮ್ಮ ಮನೆಯವರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದ ತರುವಾಯ ಮಗುವಿನ ಹಿಂದೆ ಓಡಾಡುವುದು ಅಸಾಧ್ಯವಾಯಿತು. ಆದುದರಿಂದ ಹಗಲು ಹೊತ್ತು ಮಗುವನ್ನು ಒಂದು ಶಿಶುವಿಹಾರದಲ್ಲಿ ಬಿಡುವುದೆಂದು ನಿಶ್ಚಯವಾಯಿತು.

ಮೊದಲು ಸೇರಿಸಿದ ಸ್ಥಳದ ಹೆಸರು ಇಲ್ಲಿ ಬೇಡ. ಗೋಡೆಗಳ ತುಂಬ ಬಣ್ಣದ ಚಿತ್ರಗಳು, ಮೆತ್ತನೆಯ ನೆಲ, ಒಳ್ಳೆಯ ಆಟಿಕೆಗಳು. ಅಲ್ಲಿನವರ ನಡತೆಯೂ ಸೌಮ್ಯವಾಗಿಯೇ ಇತ್ತು. ಎರಡನೆಯ ವಾರ ಅವರು ಸೊಸೆಯನ್ನು ಕರೆದು, “ಇಷ್ಟು ಭಾಷೆಗಳಾದರೆ ಮಗು ಗೊಂದಲಕ್ಕೆ ಬೀಳುತ್ತದೆ. ಮನೆಯಲ್ಲಿ ಎಲ್ಲರೂ ಇಂಗ್ಲಿಷೊಂದನ್ನೇ ಆಡಿರಿ” ಎಂದು ಹಿತೋಪದೇಶ ಮಾಡಿದರು. ಸೊಸೆ ವಿಧೇಯಳು, ಓದಿದವರು ಹೇಳಿದ್ದು ಸರಿಯಿದ್ದೀತೆಂದುಕೊಂಡಳು. ಅಂದಿನಿಂದ ರಾತ್ರಿಯ ಜೋಗುಳ ನಿಂತಿತು. ನಮ್ಮ ಮನೆಯವರಿಗೆ ಇಂಗ್ಲಿಷು ಬಾರದು. ಮಗುವನ್ನು ಕೆಡಿಸಿಯೇನೆಂಬ ಭಯದಿಂದ ಅವರು ಮಾತನ್ನೇ ಕಡಿಮೆ ಮಾಡಿದರು. ಒಂದು ತಿಂಗಳಲ್ಲಿ ಮಗು ಮೂಕವಾಯಿತು. ಬೇಕಾದ್ದನ್ನು ಬೆರಳಿನಿಂದ ತೋರಿಸುವುದು, ಕೊಡದಿದ್ದರೆ ಅಳುವುದು, ಇಷ್ಟೆ. ಕಲಕತ್ತೆಯ ಅಜ್ಜಿ ದೂರವಾಣಿಯ ಪರದೆಯಲ್ಲಿ ಕಾಣಿಸಿ ಕರೆದರೆ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳತೊಡಗಿತು. ಆ ಅಜ್ಜಿ ಒಂದು ರಾತ್ರಿ ಅತ್ತುದನ್ನು ನಾವು ಪಕ್ಕದ ಕೋಣೆಯಿಂದ ಕೇಳಿದೆವು.

ವಾಚಕರೇ, ಆ ಶಿಶುವಿಹಾರದವರನ್ನು ದೂರಲು ನಮಗೆ ಬಾಯಿ ಬರಲಿಲ್ಲ. ಏಕೆಂದರೆ ಆ ಮಾತನ್ನು ಹಿಂದೊಮ್ಮೆ ನಾವೇ ಆಡಿದ್ದೆವು. ನಾವು ಕೆಲಸಕ್ಕೆ ಸೇರಿದ ಹೊಸತು. ಊರಿನ ಹೆಸರು ಬೇಡ. ರೇಷ್ಮೆಯ ನೂಲು ತೆಗೆಯುವ ಕುಟುಂಬಗಳು ಹೆಚ್ಚಾಗಿದ್ದ ಊರು. ಒಂದನೆಯ ತರಗತಿಯಲ್ಲಿ ಒಬ್ಬ ಹುಡುಗ ಕನ್ನಡದಲ್ಲಿ ಹಿಂದೆ ಬಿದ್ದಿದ್ದ. ತಾಯಿಯನ್ನು ಕರೆಸಿ, “ಮನೆಯಲ್ಲಿ ಉರ್ದು ಬಿಡಿ, ಕನ್ನಡವನ್ನೇ ಆಡಿ” ಎಂದು ಆಜ್ಞೆ ಮಾಡಿದೆವು. ಬಿಸಿನೀರಿನಲ್ಲಿ ಗೂಡು ಬಿಚ್ಚಿ ಬಿಚ್ಚಿ ಆಕೆಯ ಬೆರಳುಗಳು ಬೆಳ್ಳಗೆ ಸುಕ್ಕಾಗಿದ್ದವು. “ನನಗೆ ಬರೋದು ಅದೊಂದೇ ಮೇಷ್ಟ್ರೇ. ಅದನ್ನೂ ಬಿಟ್ಟರೆ ಮಗನ ಹತ್ತಿರ ಏನು ಮಾತಾಡಲಿ?” ಎಂದಳು. ನಾವು ಉತ್ತರ ಕೊಡಲಿಲ್ಲ. ಕೊಡಬೇಕಾದ ಪ್ರಶ್ನೆಯೆಂದೂ ತೋರಲಿಲ್ಲ. ಮನೆಗೆ ಬಂದು ನಮ್ಮ ತಾಯಿಯೊಡನೆ ತೆಲುಗಿನಲ್ಲಿ ಮಾತಾಡುತ್ತ ಊಟ ಮಾಡಿದೆವು. ನಲವತ್ತು ವರ್ಷಗಳಾಗುತ್ತ ಬಂದುವು. ಆ ಪ್ರಶ್ನೆ ಈಗ ನಮ್ಮ ಮನೆಯ ಪಡಸಾಲೆಗೆ ಬಂದು ಕುಳಿತಿತು.

ಹೀಗಿರುವಾಗ ನಮ್ಮ ಬೀದಿಗೆ ಸೊಪ್ಪು ಮಾರಲು ಬರುವಾಕೆ, ತಾವರೆಕೆರೆಯಲ್ಲಿ ತಮಿಳರ ಒಂದು ಕುಟುಂಬದವರು ಮಕ್ಕಳನ್ನು ನೋಡಿಕೊಳ್ಳುತ್ತಾರೆ, ತನ್ನ ಮೊಮ್ಮಗುವೂ ಅಲ್ಲಿಯೇ ಇದೆ ಎಂದಳು. ಒಂದು ಬುಧವಾರ ಬೆಳಗ್ಗೆ ಸೊಸೆಯನ್ನೂ ಮಗುವನ್ನೂ ಕರೆದುಕೊಂಡು ಹೊರಟೆವು.

ಜಯನಗರದ ನಿಲ್ದಾಣದಲ್ಲಿ ಮೆಟ್ರೋ ರೈಲನ್ನು ಹತ್ತಿ, ಮುಂದಿನ ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣದಲ್ಲಿ ಇಳಿದು, 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗದ ರೈಲನ್ನು ಹಿಡಿದೆವು. ರಾಗಿಯ ರಾಶಿ ಕಲ್ಲಾಯಿತೆಂಬ ಐತಿಹ್ಯವುಳ್ಳ ರಾಗಿಗುಡ್ಡವು ಮೊದಲು ಬರುತ್ತದೆ. ಗುಡ್ಡದ ಮೇಲಿನ ಆಂಜನೇಯನ ಆಲಯ 1969ರದು. ಅಲ್ಲಿಂದ ಮುಂದಕ್ಕೆ ಸೇತುವೆಗೆ ಎರಡು ಅಂತಸ್ತು. ನಾವು ಮೇಲೆ, ಮೋಟಾರುಗಳು ನಮ್ಮ ಕೆಳಗೆ, ಅವುಗಳ ಕೆಳಗೆ ಹಳೆಯ ರಸ್ತೆ. ಮಗು ಗಾಜಿಗೆ ಮೂಗೊತ್ತಿ ನೋಡುತ್ತಿತ್ತೇ ಹೊರತು ಮಾತಾಡಲಿಲ್ಲ.

ಈ ದಕ್ಷಿಣ ಬೆಂಗಳೂರು ಹೊರಗಿನಿಂದ ಬಂದವರು ನೆಲೆನಿಂತ ಸೀಮೆ. ಜಯನಗರಕ್ಕೆ 1948ರಲ್ಲಿ ಶಂಕುಸ್ಥಾಪನೆ ಮಾಡಿದವರು ಚಕ್ರವರ್ತಿ ರಾಜಗೋಪಾಲಾಚಾರಿಯವರು. ಅದರ ಗುರುತಾಗಿ ನಿಂತಿದೆ ಅಶೋಕಸ್ತಂಭ. ಬಿಟಿಎಂ ಬಡಾವಣೆಯೆಂಬ ಹೆಸರು ಪರದೇಶದ್ದಲ್ಲ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಮೊದಲಕ್ಷರಗಳನ್ನು ಇಂಗ್ಲಿಷಿನಲ್ಲಿ ಪೋಣಿಸಿದ್ದು. ಮಡಿವಾಳದ ಸೋಮೇಶ್ವರ ದೇವಾಲಯದ ಗೋಡೆಯಲ್ಲಿ 1247ನೆಯ ಇಸವಿಯ ತಮಿಳು ಶಾಸನವುಂಟು. ಅಲ್ಲಿಯ ಶಾಸನಗಳಲ್ಲಿ ತಾಮರೈಕ್ಕರೆ ಎಂಬ ಸ್ಥಳನಾಮ ಬರುತ್ತದೆ. ಅದೇ ನಮ್ಮ ತಾವರೆಕೆರೆ. ಅಲ್ಲಿಂದ ದಕ್ಷಿಣಕ್ಕೆ ಬೇಗೂರಿನಲ್ಲಿ ಅದಕ್ಕಿಂತಲೂ ಮುನ್ನೂರು ವರ್ಷಕ್ಕೆ ಮಿಕ್ಕಿ ಹಳೆಯದಾದ ಕನ್ನಡದ ವೀರಗಲ್ಲು ಬೆಂಗಳೂರಿನ ಕಾಳಗವನ್ನು ಹೇಳುತ್ತದೆ. ಎರಡು ನುಡಿಗಳ ಜನ ಒಂದೇ ಕೆರೆಯ ನೀರು ಕುಡಿದರು. ತಾವರೆಗೆ ಅದರಿಂದ ಗೊಂದಲವಾಗಲಿಲ್ಲ. 2011ರ ಜನಗಣತಿಯಲ್ಲಿ ಬೆಂಗಳೂರು ಜಿಲ್ಲೆಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರು ಅರ್ಧಕ್ಕಿಂತ ಕಡಿಮೆ. ತೆಲುಗು, ತಮಿಳು, ಉರ್ದು, ಹಿಂದಿಯವರು ಲಕ್ಷಾಂತರ. ಆದುದರಿಂದ ನಮ್ಮ ಮನೆಯ ಸಮಸ್ಯೆ ನಮ್ಮೊಂದು ಮನೆಯದಲ್ಲ.

ಬಿಟಿಎಂ ನಿಲ್ದಾಣದಲ್ಲಿಳಿದು ಆಟೋ ಹಿಡಿದು ತಾವರೆಕೆರೆಯ ಒಂದು ಕಿರಿದಾದ ಅಡ್ಡರಸ್ತೆಗೆ ಬಂದೆವು. ಹೆಂಚಿನ ಮುಂಭಾಗದ ಹಳೆಯ ಮನೆ, ಮುಂದೆ ಕಬ್ಬಿಣದ ಗೇಟು, ಗೇಟಿಗೆ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ ಅಗುಳಿ. ಒಳಗೆ ಸಿಮೆಂಟಿನ ಅಂಗಳ, ಒಂದು ನುಗ್ಗೆಮರ, ಹದಿನಾರು ಹದಿನೇಳು ಮಕ್ಕಳು. ಮನೆಯ ಯಜಮಾನಿ ಅರವತ್ತು ಮೀರಿದಾಕೆ. ಮಕ್ಕಳೆಲ್ಲ ‘ಪಾಟಿ’ ಎನ್ನುತ್ತಾರೆ. ನಡೆಸುವವಳು ಮಗಳು, ಶಿಶುಶಿಕ್ಷಣದ ತರಬೇತಿ ಪಡೆದವಳು. ಸೊಸೆಯೊಬ್ಬಳು ಎಳೆಗೂಸುಗಳನ್ನು ನೋಡಿಕೊಳ್ಳುತ್ತಾಳೆ. ಅಡಿಗೆಯಾಕೆ ರಾಯಚೂರಿನವಳು; ಕಸಮುಸುರೆಗೆ ಬರುವ ಹೆಂಗಸಿನ ಮಾತು ಉರ್ದು, ಮಧ್ಯಾಹ್ನದ ಆಯಾ ಅನಂತಪುರದ ತೆಲುಗಿನವಳು.

ನಮ್ಮ ಮೊಮ್ಮಗಳನ್ನು ಯಾರೂ ಎತ್ತಿಕೊಳ್ಳಲು ಆತುರಪಡಲಿಲ್ಲ. ಮಗಳು ಒಂದು ದಪ್ಪ ನೋಟು ಪುಸ್ತಕವನ್ನು ತಂದು ಸೊಸೆಯ ಮುಂದಿಟ್ಟು, “ಮಗು ಮನೇಲಿ ನೀರಿಗೆ ಏನಂತದೆ ಅಕ್ಕ?” ಎಂದು ಕೇಳಿದಳು. ಪ್ರತಿಯೊಂದು ಮಗುವಿಗೂ ಒಂದು ಪುಟ. ನೀರು, ಹಸಿವು, ನಿದ್ದೆ, ನೋವು, ಬಚ್ಚಲಿಗೆ ಹೋಗಬೇಕು ಎಂಬ ಐದಕ್ಕೆ ಆ ಮಗುವಿನ ಮನೆಯಲ್ಲಿ ಆಡುವ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿದೆ. ಕೆಳಗೆ ಮಗು ಮಲಗುವಾಗ ಕೇಳುವ ಹಾಡು ಯಾವುದೆಂದು ಒಂದು ಸಾಲು. ನಾವು ಪುಟಗಳನ್ನು ತಿರುವಿದೆವು. ತಣ್ಣಿ, ನೀಳ್ಳು, ಪಾನಿ, ವೆಳ್ಳಂ, ನೀರು. ಸಂಸ್ಕೃತ ಓದಿದವರಿಗೆ ಇದೊಂದು ರಸದೌತಣ. ಹಿಂದಿ ಉರ್ದುಗಳ ಪಾನಿಯು ಪಾನೀಯವೆಂಬ ಶಬ್ದದ ಮಗು. ತಮಿಳಿನ ತಣ್ಣಿಯು ತಣ್ಣನೆಯ ನೀರೇ. ತೆಲುಗಿನ ನೀಳ್ಳು ನಮ್ಮ ನೀರಿನ ಒಡಹುಟ್ಟು. ಸೊಸೆ ‘ಜೊಲ್’ ಎಂದಳು. ಅದು ನಮ್ಮ ಜಲವೇ, ಬಂಗಾಳದ ಉಚ್ಚಾರಣೆಯಲ್ಲಿ ತುಟಿ ದುಂಡಗೆ ಮಾಡಿಕೊಂಡು ಬಂದದ್ದು. ಮೂವತ್ತೈದು ವರ್ಷ ನಾವು ಕಲಿಸಿದ ಪರ್ಯಾಯಪದಗಳ ಪಟ್ಟಿ ಇಲ್ಲಿ ಬಾಯಾರಿದ ಮಕ್ಕಳ ಉಪಯೋಗಕ್ಕೆ ಬಂದಿತ್ತು.

ಈ ಪದ್ಧತಿ ಹುಟ್ಟಿದ್ದು ಹೇಗೆಂದು ವಿಚಾರಿಸಲು ಪಾಟಿ ತಮ್ಮ ಕಥೆ ಹೇಳಿದರು. ಧರ್ಮಪುರಿ ಕಡೆಯಿಂದ ಗಂಡ ಹೆಂಡಿರಿಬ್ಬರೂ ಮಳೆಯಿಲ್ಲದ ವರ್ಷ ಇಲ್ಲಿಗೆ ಬಂದರು. ಬಡಾವಣೆಯಲ್ಲಿ ಮನೆಗಳೇಳುತ್ತಿದ್ದ ಕಾಲ. ಗಂಡ ಗಾರೆಯವನು, ಆಕೆ ತಲೆಯ ಮೇಲೆ ಬಾಂಡ್ಲಿ ಹೊರುವವಳು. ಕೈಗೂಸನ್ನು ಸೀರೆಯ ಜೋಲಿಯಲ್ಲಿ ಮಲಗಿಸಿ ಎರಡನೆಯ ಅಂತಸ್ತಿಗೆ ಗಾರೆ ಹೊರುತ್ತಿದ್ದಳು. ಅಂಬೆಗಾಲಿಡುವ ವಯಸ್ಸಾದಾಗ ಮಗು ಒಂದು ದಿನ ಇಟ್ಟಿಗೆ ನೆನೆಸುವ ತೊಟ್ಟಿಯೊಳಕ್ಕೆ ಬಿದ್ದಿತು. ಪಕ್ಕದಲ್ಲಿದ್ದ ರಾಯಚೂರಿನ ಹೆಂಗಸು ಕಂಡು ಕಾಲು ಹಿಡಿದೆಳೆದಳು. “ಅವಳು ಕನ್ನಡದಲ್ಲಿ ಕೂಗಿದಳು ಸ್ವಾಮಿ. ಆಗ ನನಗೆ ಕನ್ನಡ ಬರ್ತಿರಲಿಲ್ಲ. ಆದ್ರೂ ತಿಳೀತು, ಓಡಿ ಬಂದೆ” ಎಂದರು. ಆ ಮಗುವೇ ಈಗ ನೋಟು ಪುಸ್ತಕ ಹಿಡಿದು ನಿಂತಿದ್ದ ಮಗಳು. ಆ ರಾಯಚೂರಿನ ಹೆಂಗಸಿನ ತಂಗಿಯೇ ಈಗಿನ ಅಡಿಗೆಯಾಕೆ.

ಮರುದಿನದಿಂದ ಹೆಂಗಸರು ಸರದಿ ಹಾಕಿಕೊಂಡರು. “ಒಬ್ಬಳು ಮಕ್ಕಳ ಹತ್ತಿರ ಕೂತ್ರೆ ಎಂಟು ಜನ ನಿಶ್ಚಿಂತೆಯಾಗಿ ದುಡೀಬಹುದು” ಎಂಬುದು ಪಾಟಿಯವರ ಲೆಕ್ಕ. ಎಂಟು ಜನರ ಕೂಲಿಯಿಂದ ಸ್ವಲ್ಪ ಸ್ವಲ್ಪ ತೆಗೆದು ಕೂತವಳ ಕೂಲಿ ತುಂಬುತ್ತಿದ್ದರು. ಆ ಎಂಟು ಮಂದಿಯಲ್ಲಿ ಮೂರು ನುಡಿಯವರಿದ್ದರು. ಯಾವ ಮಗು ಏನೆಂದು ಕೂಗಿದರೆ ಏನು ಬೇಕೆಂಬುದನ್ನು ಕೂತವಳು ತಿಳಿದಿರಲೇಬೇಕಾಗಿತ್ತು. ಮುಂದೆ ಗಂಡನಿಗೆ ಎದೆರೋಗ ಬಂದು ಗಾರೆ ಕೆಲಸ ನಿಂತಾಗ, ಪಾಟಿಯವರು ಅದನ್ನೇ ಮನೆಯಲ್ಲಿ ವೃತ್ತಿಯಾಗಿ ಮಾಡಿಕೊಂಡರು.

ದುಡಿಯುವ ತಾಯಂದಿರ ಮಕ್ಕಳಿಗೆ ನೆರಳು ಬೇಕೆಂಬುದು ಸರ್ಕಾರಕ್ಕೆ ತಿಳಿಯದ ವಿಷಯವಲ್ಲ. 1948ರ ಕಾರ್ಖಾನೆಗಳ ಕಾಯಿದೆಯಲ್ಲಿಯೇ ಶಿಶುಪಾಲನಾ ಗೃಹದ ವಿಧಿಯಿತ್ತು; ಐವತ್ತಕ್ಕಿಂತ ಹೆಚ್ಚು ಸ್ತ್ರೀಯರಿದ್ದಲ್ಲಿ ಎಂದಿದ್ದುದನ್ನು 1976ರಲ್ಲಿ ಮೂವತ್ತಕ್ಕೆ ಇಳಿಸಿದರು. ಕಟ್ಟಡದ ಕೆಲಸಗಾರರಿಗಾಗಿ 1996ರ ಕಾಯಿದೆ ಬಂದಿತು. ಅದರಲ್ಲಿಯೂ ಐವತ್ತಕ್ಕಿಂತ ಹೆಚ್ಚು ಸ್ತ್ರೀಯರೆಂಬ ಮಿತಿಯಿತ್ತು. ಒಂದು ಮನೆ ಕಟ್ಟುವಲ್ಲಿ ಐವತ್ತು ಜನ ಹೆಂಗಸರು ಎಲ್ಲಿರುತ್ತಾರೆ? ನಾಲ್ಕೈದು ಮಂದಿ. ಆ ನಾಲ್ಕೈದು ಮಂದಿಯ ಮಕ್ಕಳು ಕಾಯಿದೆಯ ಹೊರಗೆ, ಮರಳಿನ ಗುಡ್ಡೆಯ ಮೇಲೆ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಆರಂಭವಾದ ಅಂಗನವಾಡಿಯ ಯೋಜನೆ ನಮ್ಮ ನಾಡಿನಲ್ಲಿ ಮೊದಲು ತಿರುಮಕೂಡಲು ನರಸೀಪುರದಲ್ಲಿ ಕಾಲಿಟ್ಟಿತು. ಅದರಿಂದ ಆದ ಉಪಕಾರ ದೊಡ್ಡದು. ಆದರೆ ಈ ತಿಂಗಳು ಇಲ್ಲಿ, ಬರುವ ತಿಂಗಳು ಇನ್ನೊಂದು ಬಡಾವಣೆಯಲ್ಲಿ ಎನ್ನುವ ಕೂಲಿಯವರ ಮಕ್ಕಳಿಗೆ ಅದೂ ಕೈಗೆಟುಕುವುದು ಕಷ್ಟ. ಅಂಥಲ್ಲಿ ಇಂಥ ಮನೆಗಳೇ ಗತಿ.

ಪಾಟಿಯವರ ಮಾತು ಕೇಳುತ್ತಿದ್ದಂತೆ ನಮಗೆ ಎರಡು ಸಂಗತಿಗಳು ನೆನಪಾದುವು. ಒಂದು, ಮರಿಯಾ ಮಾಂಟೆಸ್ಸೊರಿಯವರದು. ಈಗ ಸಿರಿವಂತರ ಶಾಲೆಗಳ ಫಲಕವಾಗಿರುವ ಆ ಹೆಸರು ಮೊದಲು ಕೇಳಿಬಂದದ್ದು 1907ರಲ್ಲಿ, ರೋಮಿನ ಬಡಕೆಲಸಗಾರರ ವಠಾರದಲ್ಲಿ. ತಾಯಿತಂದೆ ಕೆಲಸಕ್ಕೆ ಹೋದಾಗ ಬಿಡುಬೀಸಾಗಿ ಅಲೆಯುತ್ತಿದ್ದ ಮಕ್ಕಳಿಗಾಗಿ ತೆರೆದ ಒಂದು ಕೋಣೆಯಲ್ಲಿ. ಆಕೆ 1939ರಲ್ಲಿ ಮಗನೊಡನೆ ಮದರಾಸಿನ ಅಡ್ಯಾರಿಗೆ ಬಂದರು; ಯುದ್ಧದ ನಿಮಿತ್ತ ಹಿಂತಿರುಗಲಾಗದೆ ವರ್ಷಗಟ್ಟಲೆ ನಮ್ಮ ದೇಶದಲ್ಲಿಯೇ ಉಳಿದು ಉಪಾಧ್ಯಾಯರಿಗೆ ಪಾಠ ಹೇಳಿದರು.

ಇನ್ನೊಂದು, ನಮ್ಮ ಸೀಮೆಯದೇ. ಶ್ರೀನಿವಾಸಪುರ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಹತ್ತಿರದ ರಾಯಲ್ಪಾಡಿನ ಬಳಿ, 1972ರಲ್ಲಿ ಡೇವಿಡ್ ಹಾರ್ಸ್‌ಬರ್ಗ್ ಎಂಬ ಇಂಗ್ಲಿಷಿನವರು ಕುಟುಂಬಸಮೇತ ನೆಲೆನಿಂತು ನೀಲ್‌ಬಾಗ್ ಎಂಬ ಶಾಲೆಯನ್ನು ತೆರೆದರು. ಯುದ್ಧಕಾಲದಲ್ಲಿ ವಾಯುಪಡೆಯ ಸೇವೆಗೆ ಬಂದವರು ಈ ದೇಶವನ್ನೇ ಮನೆ ಮಾಡಿಕೊಂಡು, ರಿಷಿವ್ಯಾಲಿಯಲ್ಲಿ ಅಧ್ಯಾಪಕರಾಗಿದ್ದು, ಕಡೆಗೆ ಈ ಹಳ್ಳಿಯನ್ನು ಆರಿಸಿಕೊಂಡರು. ಅಲ್ಲಿ ಪರೀಕ್ಷೆಯಿಲ್ಲ, ದಂಡನೆಯಿಲ್ಲ. ಬೇರೆ ಬೇರೆ ವಯಸ್ಸಿನ ಮಕ್ಕಳು ಒಟ್ಟಿಗೆ ಕುಳಿತು ಕಲಿಯುತ್ತಿದ್ದರು. ಹೊಲಿಗೆ, ಬಡಗಿಕೆಲಸ, ತೋಟಗಾರಿಕೆಗಳ ಜೊತೆಗೆ ಮನೆಯ ತೆಲುಗೂ ಇಂಗ್ಲಿಷೂ ಸಂಸ್ಕೃತವೂ ಒಂದೇ ಸೂರಿನಡಿಯಲ್ಲಿದ್ದುವು. ನಾವು ಆಗ್ಗೆ ಪಕ್ಕದ ಹೋಬಳಿಯ ಹುಡುಗರು; ಪರೀಕ್ಷೆಯಿಲ್ಲದ್ದೂ ಒಂದು ಶಾಲೆಯೇ ಎಂದು ನಗುತ್ತಿದ್ದೆವು. ನೋಡಲೂ ಹೋಗಲಿಲ್ಲ. ಹಾರ್ಸ್‌ಬರ್ಗ್‌ರವರು 1984ರಲ್ಲಿ ತೀರಿಕೊಂಡರು. ಅವರಲ್ಲಿ ತರಬೇತು ಪಡೆದ ಮಾಲತಿಯವರು 1978ರಲ್ಲಿಯೇ ಈ ದಕ್ಷಿಣ ಬೆಂಗಳೂರಿನ ಅಂಚಿನ ದೊಡ್ಡಕಲ್ಲಸಂದ್ರದಲ್ಲಿ ವಿಕಸನವೆಂಬ ಶಾಲೆಯನ್ನು ಹಳ್ಳಿಯ ಮಕ್ಕಳಿಗಾಗಿ ಆರಂಭಿಸಿದರು. ಇಂಗ್ಲಿಷಿನ ತವರಿನಿಂದ ಬಂದ ಮನುಷ್ಯನೇ ಹಳ್ಳಿಯ ಮಗುವಿನ ತೆಲುಗನ್ನು ಬಿಡಿಸಲಿಲ್ಲ. ತೆಲುಗರಾದ ನಾವು ಒಬ್ಬ ತಾಯಿಗೆ ಉರ್ದುವನ್ನು ಬಿಡೆಂದೆವು.

ಪಾಟಿಯವರ ಮನೆಗೂ ಪರೀಕ್ಷೆಯ ಕಾಲ ಬಂದಿತ್ತು. ಬಡಾವಣೆಗೆ ಕಛೇರಿಯ ದೊಡ್ಡ ನೌಕರರು ಬಂದರು, ಬಾಡಿಗೆ ಏರಿತು. ಹೊಸದಾಗಿ ಸೇರಿಸಿದ ತಾಯಿತಂದೆಯರು ಇಂಗ್ಲಿಷೊಂದೇ ಇರಲಿ ಎಂದು ಒತ್ತಾಯಿಸಿದರು. ಒಪ್ಪಿದರೆ ಶುಲ್ಕ ಇಮ್ಮಡಿ. ಒಪ್ಪದಿದ್ದರೆ ಮಕ್ಕಳನ್ನು ಬಿಡಿಸುತ್ತಾರೆ. ಮಗಳು ಒಪ್ಪೋಣವೆಂದಳು. ಪಾಟಿ ಒಪ್ಪಲಿಲ್ಲ. “ನೋವಾದಾಗ ಮಗು ಅವರಮ್ಮನ ಮಾತಲ್ಲೇ ಅಳ್ತದೆ. ಅದು ತಿಳೀದಿದ್ರೆ ನಾವು ನೋಡ್ಕೊಳ್ಳೋದೇನು?” ಎಂದರಂತೆ. ಆ ವರ್ಷ ಆರು ಮಕ್ಕಳು ಬಿಟ್ಟುಹೋದರು. ಕಿವಿಯ ಓಲೆ ಒತ್ತೆಗೆ ಹೋಯಿತು. ಕಡೆಗೆ ತಾಯಿಮಗಳು ಕೂಡಿ ಒಂದು ಏರ್ಪಾಡು ಮಾಡಿದರು: ಬೆಳಗ್ಗೆ ಒಂದು ಗಂಟೆ ಇಂಗ್ಲಿಷಿನ ಹಾಡು, ಆಟ, ಉಳಿದಂತೆ ಮಗುವಿನ ಮಾತಿಗೆ ಮಗುವಿನ ನುಡಿಯಲ್ಲಿ ಉತ್ತರ. ನೋಟು ಪುಸ್ತಕ ಮಗಳ ಯೋಚನೆ. ಓಲೆ ಇನ್ನೂ ಬಿಡಿಸಿಲ್ಲವೆಂದು ಮಗಳು ನಮ್ಮ ಸೊಸೆಯೊಡನೆ ಮೆಲ್ಲಗೆ ಹೇಳಿದಳು.

ಕನ್ನಡದ ಉಪಾಧ್ಯಾಯರಾದ ನಮಗೆ ಒಂದು ಸಂದೇಹವಿತ್ತು. ಅವರವರ ನುಡಿ ಅವರವರಿಗೆ ಇರಲಿ. ಹಾಗಾದರೆ ಈ ನೆಲದ ನುಡಿಯ ಗತಿಯೇನು? ನುಗ್ಗೆಮರದ ಕೆಳಗೆ ಅರ್ಧ ಗಂಟೆ ಕುಳಿತಿದ್ದಕ್ಕೆ ಉತ್ತರ ದೊರಕಿತು. ಒಂದು ಮರದ ಕುದುರೆಗಾಗಿ ತಮಿಳು ಹುಡುಗನಿಗೂ ಮಲೆಯಾಳದ ಹುಡುಗಿಗೂ ಜಗಳವಾಯಿತು. “ನಂದು!” “ಬಿಡು!” “ಆಮೇಲೆ ಕೊಡ್ತೀನಿ!” ಜಗಳವೆಲ್ಲ ಕನ್ನಡದಲ್ಲಿ! ಇಬ್ಬರಿಗೂ ಅರ್ಥವಾಗುವ ಮಾತು ಅದೊಂದೇ; ಅಂಗಳದಲ್ಲಿ ಅಡಿಗೆಯಾಕೆಯ ಕನ್ನಡ, ಕಥೆಯ ವೇಳೆಯಲ್ಲಿ ಕನ್ನಡ. ಯಾರೂ ಹೇರಲಿಲ್ಲ, ಆದ್ದರಿಂದಲೇ ಬೇರೂರಿತ್ತು. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ ಎಂಬುದು ಸರ್ವವಿದಿತ. ತಾಯಿನುಡಿ ಗಟ್ಟಿಯಾಗಿದ್ದವರಿಗೆ ನಾಡನುಡಿ ಭಾರವಾಗುವುದಿಲ್ಲ. ಎಳೆಯ ಮಕ್ಕಳು ಎರಡು ಮೂರು ನುಡಿಗಳನ್ನು ಒಟ್ಟಿಗೆ ಕಲಿಯಬಲ್ಲರು, ಕೆಲವು ಕಾಲ ಬೆರಸಿ ಆಡುವುದು ರೋಗವಲ್ಲವೆಂದು ಭಾಷಾಶಾಸ್ತ್ರಜ್ಞರೂ ಹೇಳುತ್ತಾರೆ. ಮಗು ಹಠಾತ್ತಾಗಿ ಮಾತು ಬಿಟ್ಟರೆ ವೈದ್ಯರಿಗೆ ತೋರಿಸಬೇಕೆಂಬುದೂ ನಿಜ. ನಾವೂ ತೋರಿಸಿದೆವು, ಕಿವಿ ನಾಲಿಗೆಗಳು ಚೆನ್ನಾಗಿವೆ, ಮನೆಯಲ್ಲಿ ಮೊದಲಿನಂತೆ ಮಾತಾಡಿರಿ ಎಂದರು.

ಇಂಥ ಮನೆಗಳನ್ನು ಹುಡುಕುವ ಗೃಹಸ್ಥರು ಬಣ್ಣದ ಗೋಡೆಯನ್ನಲ್ಲ, ಕೆಲವು ಸಣ್ಣ ವಿಷಯಗಳನ್ನು ನೋಡಬೇಕು: ಗೇಟಿನ ಅಗುಳಿ ಎಲ್ಲಿದೆ, ನೀರಿನ ತೊಟ್ಟಿಗೆ ಮುಚ್ಚಳವುಂಟೆ, ಒಬ್ಬಾಕೆಯ ಪಾಲಿಗೆ ಎಷ್ಟು ಮಕ್ಕಳು, ಹೇಳದೆ ಕೇಳದೆ ನಡುಹಗಲು ಹೋದರೆ ಒಳಗೆ ಬಿಡುತ್ತಾರೆಯೆ, ಅಳುವ ಮಗುವಿಗೆ ಯಾವ ಮಾತಿನಲ್ಲಿ ಸಮಾಧಾನ ಹೇಳುತ್ತಾರೆ.

ಸೊಸೆ ನೋಟು ಪುಸ್ತಕದ ತನ್ನ ಪುಟವನ್ನು ತಾನೇ ಬರೆಯುತ್ತೇನೆಂದಳು. ಆಕೆ ಕನ್ನಡವನ್ನು ಅಲ್ಪಸ್ವಲ್ಪ ಆಡುವವಳೇ ಹೊರತು ಬರೆದವಳಲ್ಲ. ನಾವು ಒಂದು ಕಾಗದದಲ್ಲಿ ಬರೆದು ತೋರಿಸಿದೆವು. ಆಕೆ ನೋಡಿಕೊಂಡು ‘ಜೊಲ್’ ಎಂದು ದುಂಡಗೆ ತಿದ್ದಿದಳು. ಹಾಡಿನ ಸಾಲಿನ ಮುಂದೆ ಏನು ಬರೆಯುವುದೆಂದು ಕ್ಷಣಕಾಲ ಸುಮ್ಮನಾಗಿ, ಆಮೇಲೆ ಮಗಳ ಕೈಯಲ್ಲಿದ್ದ ದೂರವಾಣಿಗೆ ತಾನೇ ಮೆಲುದನಿಯಲ್ಲಿ ಹಾಡಿ ಹಿಡಿಸಿದಳು. ಮೊಮ್ಮಗಳು ಕುದುರೆಯನ್ನು ಬಿಟ್ಟು ಬಂದು ತಾಯಿಯ ಮಡಿಲಿನಲ್ಲಿ ತಲೆಯಿಟ್ಟಳು. ಮಾತೇನೂ ಆಡಲಿಲ್ಲ. ಮಾತು ಹಿಂತಿರುಗಲು ಮತ್ತ್ಯೂ ಐದು ವಾರ ಹಿಡಿಯಿತು; ಮೊದಲು ಹೊರಟದ್ದು ನಮ್ಮ ಮನೆಯವರ ತೆಲುಗು, ಅದಾದ ಮೂರು ದಿನಕ್ಕೆ ಕಲಕತ್ತೆಯ ಅಜ್ಜಿಗೆ ಅವರ ಪಾಲು ಸಂದಿತು.

ಈಗ ನಾವು ಬುಧವಾರಗಳಲ್ಲಿ ತಾವರೆಕೆರೆಗೆ ಹೋಗಿ ಮಕ್ಕಳಿಗೆ ಕಥೆ ಹೇಳುತ್ತೇವೆ. ಕಸಮುಸುರೆಯಾಕೆಯ ಮಗನೂ ಬಂದು ಕೂರುತ್ತಾನೆ. ಅವನ ಪುಟದಲ್ಲಿರುವ ಐದು ಮಾತುಗಳನ್ನು ಉಚ್ಚಾರಣೆ ತಪ್ಪದಂತೆ ನಮಗೆ ಹೇಳಿಕೊಡಬೇಕೆಂದು ಅವನ ತಾಯಿಯನ್ನು ಬೇಡಿಕೊಂಡೆವು. ಆಕೆ ಮೊದಲು ನಾಚಿದಳು, ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಹೇಳಿಕೊಟ್ಟಳು. ರೇಷ್ಮೆಯ ಊರಿನ ಆ ತಾಯಿ ಈಗ ಎಲ್ಲಿದ್ದಾಳೋ ತಿಳಿಯದು. ಆಕೆಗೆ ಕೊಡಬೇಕಾಗಿದ್ದ ಉತ್ತರವನ್ನು ಇನ್ನೊಬ್ಬ ತಾಯಿಯ ಮುಂದೆ ವಿದ್ಯಾರ್ಥಿಯಾಗಿ ಕುಳಿತು ಕಲಿಯುತ್ತಿದ್ದೇವೆ.